ಒಂದು ಭಂಡಾರ, ಮೂರು ಕೀಲಿ: ಅಮೆರಿಕದ ಆಳ್ವಿಕೆಯ ಬಗೆ

ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷನನ್ನು ಪ್ರಪಂಚದಲ್ಲೇ ಅತ್ಯಂತ ಬಲಶಾಲಿಯಾದ ವ್ಯಕ್ತಿಯೆಂದು ಕರೆಯುವುದು ವಾಡಿಕೆಯಾಗಿಬಿಟ್ಟಿದೆ. ಆದರೆ ಈ ಮಾತನ್ನು ಅಚ್ಚುಮಾಡುವ ಪತ್ರಿಕೆಗಳಲ್ಲೇ ಇದಕ್ಕೆ ವ್ಯತಿರಿಕ್ತವಾದ ಸುದ್ದಿಗಳೂ ಬರುತ್ತಿರುತ್ತವೆ. ಅಧ್ಯಕ್ಷ ಕೇಳಿದ ಹಣವನ್ನು ಶಾಸನಸಭೆ ಕೊಡಲಿಲ್ಲ. ಅಧ್ಯಕ್ಷನ ಆಜ್ಞೆಯೊಂದನ್ನು ಎಲ್ಲೋ ಒಂದು ಊರಿನ ನ್ಯಾಯಾಧೀಶ ತಡೆಹಿಡಿದ. ಆಯವ್ಯಯಕ್ಕೆ ಒಪ್ಪಿಗೆ ದೊರೆಯದೆ ಸರ್ಕಾರದ ಕಚೇರಿಗಳೇ ವಾರಗಟ್ಟಲೆ ಬಾಗಿಲು ಮುಚ್ಚಿದವು. ಇಷ್ಟು ಬಲಶಾಲಿಯಾದವನ ಕೈ ಹಿಡಿಯುವವರು ಯಾರು, ಯಾವ ಅಧಿಕಾರದಿಂದ ಹಿಡಿಯುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಆ ದೇಶದ ರಾಜಕೀಯದ ಮುಕ್ಕಾಲು ಪಾಲು ಅರ್ಥವಾದಂತೆಯೇ.

ಮೊದಲು ಕೆಲವು ಪದಗಳ ತೊಡಕನ್ನು ಬಿಡಿಸಿಕೊಳ್ಳೋಣ. ಕಾಂಗ್ರೆಸ್ ಎಂದೊಡನೆ ನಮ್ಮ ಕಿವಿಗೆ ಒಂದು ರಾಜಕೀಯ ಪಕ್ಷದ ಹೆಸರು ಕೇಳಿಸುತ್ತದೆ. ಅಮೆರಿಕದಲ್ಲಿ ಅದು ಪಕ್ಷವಲ್ಲ, ನಮ್ಮ ಸಂಸತ್ತಿಗೆ ಸಮನಾದ ಶಾಸನಸಭೆ. ಸೆಕ್ರೆಟರಿ ಎಂದರೆ ನಮಗೆ ಕಡತಗಳನ್ನು ನೋಡಿಕೊಳ್ಳುವ ಹಿರಿಯ ಅಧಿಕಾರಿ. ಅಲ್ಲಿ ಅವನು ಮಂತ್ರಿ. ಗವರ್ನರ್ ಎಂದರೆ ದೆಹಲಿಯಿಂದ ನೇಮಕವಾಗಿ ಬಂದ ರಾಜ್ಯಪಾಲರೆಂದು ನಾವು ತಿಳಿಯುತ್ತೇವೆ. ಅಲ್ಲಿ ಅವನನ್ನು ರಾಜ್ಯದ ಜನರೇ ಮತ ಕೊಟ್ಟು ಆರಿಸುತ್ತಾರೆ, ಅಧ್ಯಕ್ಷನಿಗೆ ಅವನನ್ನು ತೆಗೆಯುವ ಅಧಿಕಾರವಿಲ್ಲ. ಒಂದೇ ಪದ ಎರಡು ದೇಶಗಳಲ್ಲಿ ಎರಡು ಬಗೆಯ ಬಾಳು ಬಾಳುತ್ತದೆ. ಇದನ್ನು ಮರೆತವರಿಗೆ ಅಲ್ಲಿನ ಸುದ್ದಿ ಒಗಟಿನಂತೆ ತೋರುವುದು ಸಹಜ.

ಅಮೆರಿಕದ ರಾಜ್ಯಾಂಗ ರಚಿತವಾದದ್ದು 1787ರ ಬೇಸಿಗೆಯಲ್ಲಿ, ಫಿಲಡೆಲ್ಫಿಯಾ ನಗರದಲ್ಲಿ. ಸಭೆಗೆ ಬಂದ ಪ್ರತಿನಿಧಿಗಳು 55 ಮಂದಿ. ಕೊನೆಯಲ್ಲಿ ರುಜು ಹಾಕಿದವರು 39. ಇಂಗ್ಲೆಂಡಿನ ದೊರೆಯ ವಿರುದ್ಧ ಯುದ್ಧ ಮಾಡಿ ಬಿಡುಗಡೆ ಪಡೆದು ಅವರಿಗೆ ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಅವರ ಎದುರಿಗೆ ಎರಡು ಭಯಗಳಿದ್ದವು. ಅಧಿಕಾರ ದುರ್ಬಲವಾದರೆ ಹದಿಮೂರು ರಾಜ್ಯಗಳ ಒಕ್ಕೂಟ ಒಡೆದುಹೋಗುತ್ತದೆ. ಪ್ರಬಲವಾದರೆ ಬಿಟ್ಟು ಬಂದ ದೊರೆಯೇ ಬೇರೆ ಹೆಸರಿನಲ್ಲಿ ಮರಳಿ ಬರುತ್ತಾನೆ. ಈ ಇಕ್ಕಟ್ಟಿನಲ್ಲಿ ಅವರು ಕಂಡುಕೊಂಡ ದಾರಿ ಸರಳವಾದದ್ದು: ಅಧಿಕಾರವನ್ನು ಕೊಡುವುದು, ಆದರೆ ಒಬ್ಬನ ಕೈಗೆ ಕೊಡದಿರುವುದು. ಮನುಷ್ಯರು ದೇವತೆಗಳಲ್ಲ, ಆದ್ದರಿಂದ ಒಬ್ಬನ ಮಹತ್ವಾಕಾಂಕ್ಷೆಗೆ ಇನ್ನೊಬ್ಬನ ಮಹತ್ವಾಕಾಂಕ್ಷೆಯನ್ನೇ ಅಡ್ಡ ನಿಲ್ಲಿಸಬೇಕು ಎಂಬುದು ಅವರಲ್ಲಿ ಪ್ರಮುಖನಾದ ಜೇಮ್ಸ್ ಮ್ಯಾಡಿಸನ್ನನ ವಾದವಾಗಿತ್ತು.

ನಮ್ಮ ಕೆಲವು ಹಳೆಯ ದೇವಾಲಯಗಳಲ್ಲಿ ಭಂಡಾರದ ಪೆಟ್ಟಿಗೆಗೆ ಒಂದಕ್ಕಿಂತ ಹೆಚ್ಚು ಬೀಗ ಹಾಕಿ, ಕೀಲಿಗಳನ್ನು ಬೇರೆ ಬೇರೆಯವರ ವಶಕ್ಕೆ ಕೊಡುವ ಪದ್ಧತಿಯುಂಟು. ಕೀಲಿ ಹಿಡಿದವರೆಲ್ಲರೂ ಕೂಡಿ ಬಂದಲ್ಲದೆ ಪೆಟ್ಟಿಗೆ ತೆರೆಯದು. ಯಾರೊಬ್ಬರನ್ನೂ ಕಳ್ಳರೆಂದು ಕರೆಯದೆ, ಯಾರೊಬ್ಬರನ್ನೂ ಪೂರ್ತಿ ನಂಬದೆ ಇರುವ ವಿವೇಕ ಅದು. ಅಮೆರಿಕದ ಆಳ್ವಿಕೆಯೂ ಇಂಥ ಪೆಟ್ಟಿಗೆಯೇ. ಮೊದಲನೆಯ ಕೀಲಿ ಕಾಂಗ್ರೆಸ್ಸಿನದು: ಕಾನೂನು ಮಾಡುವುದು, ತೆರಿಗೆ ಹಾಕುವುದು, ಹಣ ಮಂಜೂರು ಮಾಡುವುದು, ಯುದ್ಧ ಘೋಷಿಸುವುದು. ಎರಡನೆಯದು ಅಧ್ಯಕ್ಷನದು: ಕಾನೂನನ್ನು ಜಾರಿಗೆ ತರುವುದು, ಸೇನೆಯ ಮಹಾದಂಡನಾಯಕನಾಗಿರುವುದು. ಮೂರನೆಯದು ನ್ಯಾಯಾಲಯದ್ದು. ಕಾಂಗ್ರೆಸ್ ಮಾಡಿದ ಕಾನೂನು ರಾಜ್ಯಾಂಗಕ್ಕೆ ವಿರುದ್ಧವಾಗಿದ್ದರೆ ಅದನ್ನು ಅಸಿಂಧುವೆಂದು ಸಾರುವ ಅಧಿಕಾರವನ್ನು ಸರ್ವೋಚ್ಚ ನ್ಯಾಯಾಲಯ 1803ರ ಒಂದು ತೀರ್ಪಿನಲ್ಲಿ ಸ್ಥಾಪಿಸಿಕೊಂಡಿತು. ಅದರ ಒಂಬತ್ತು ನ್ಯಾಯಮೂರ್ತಿಗಳಿಗೆ ನಿವೃತ್ತಿಯ ವಯಸ್ಸಿಲ್ಲ.

ಈ ಮೂರು ಅಂಗಗಳು ಬೇರೆಯಾಗಿದ್ದರೂ ಒಂದರ ಬಾಗಿಲಿಗೆ ಇನ್ನೊಂದರ ಅಗುಳಿ ಇದೆ. ಕಾಂಗ್ರೆಸ್ ಒಪ್ಪಿದ ಮಸೂದೆಯನ್ನು ಅಧ್ಯಕ್ಷ ನಿರಾಕರಿಸಬಹುದು. ಉಭಯ ಸದನಗಳೂ ಮೂರನೆಯ ಎರಡರಷ್ಟು ಬಹುಮತದಿಂದ ಅವನ ನಿರಾಕರಣೆಯನ್ನೇ ತಳ್ಳಿಹಾಕಬಹುದು. ನ್ಯಾಯಮೂರ್ತಿಗಳನ್ನು ಸೂಚಿಸುವವನು ಅಧ್ಯಕ್ಷ, ಒಪ್ಪಬೇಕಾದದ್ದು ಸೆನೆಟ್. ವಿದೇಶಗಳೊಡನೆ ಕೌಲು ಮಾಡಿಕೊಳ್ಳುವವನು ಅಧ್ಯಕ್ಷ. ಅದಕ್ಕೂ ಸೆನೆಟ್ಟಿನ ಮೂರನೆಯ ಎರಡರಷ್ಟು ಸದಸ್ಯರ ಸಮ್ಮತಿ ಬೇಕು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಅಧ್ಯಕ್ಷ ವುಡ್ರೋ ವಿಲ್ಸನ್ ಯೂರೋಪಿಗೆ ಹೋಗಿ ರಾಷ್ಟ್ರಸಂಘವನ್ನು ಕಟ್ಟಲು ಶ್ರಮಿಸಿದ. 1919ರಲ್ಲೂ 1920ರಲ್ಲೂ ಅವನ ದೇಶದ ಸೆನೆಟ್ಟೇ ಆ ಒಪ್ಪಂದವನ್ನು ತಿರಸ್ಕರಿಸಿತು. ತಾನು ಕಟ್ಟಿದ ಮನೆಗೆ ತನ್ನ ದೇಶವೇ ಕಾಲಿಡದುದನ್ನು ಆತ ನೋಡಬೇಕಾಯಿತು.

ಕಾಂಗ್ರೆಸ್ಸಿನ ಎರಡು ಸದನಗಳಲ್ಲಿಯೂ ಅಪನಂಬಿಕೆಯ ಇದೇ ಸೂತ್ರವಿದೆ. ಪ್ರತಿನಿಧಿ ಸಭೆಯ 435 ಸದಸ್ಯರು ಜನಸಂಖ್ಯೆಯ ಪ್ರಮಾಣದಲ್ಲಿ ಆಯ್ಕೆಯಾಗುತ್ತಾರೆ. ಅವರ ಅವಧಿ ಎರಡೇ ವರ್ಷ. ಸೆನೆಟ್ಟಿಗೆ ಚಿಕ್ಕದಿರಲಿ ದೊಡ್ಡದಿರಲಿ ಪ್ರತಿ ರಾಜ್ಯಕ್ಕೂ ಇಬ್ಬರು; ಅವಧಿ ಆರು ವರ್ಷ. ಸುಮಾರು 3.9 ಕೋಟಿ ಜನರಿರುವ ಕ್ಯಾಲಿಫೋರ್ನಿಯಾಕ್ಕೂ ಇಬ್ಬರೇ, 6 ಲಕ್ಷವೂ ತುಂಬದ ವಯೋಮಿಂಗಿಗೂ ಇಬ್ಬರೇ. ಸಣ್ಣ ರಾಜ್ಯಗಳು ಒಕ್ಕೂಟಕ್ಕೆ ಸೇರಲು ಕೇಳಿದ ಬೆಲೆ ಅದು.

ನಮ್ಮ ಪದ್ಧತಿಯಲ್ಲಿ ಪ್ರಧಾನಿ ಲೋಕಸಭೆಯ ಬಹುಮತದಿಂದ ಹುಟ್ಟುತ್ತಾನೆ; ಬಹುಮತ ಕಳೆದುಕೊಂಡ ದಿನವೇ ಇಳಿಯುತ್ತಾನೆ. ಅಮೆರಿಕದ ಅಧ್ಯಕ್ಷ ಹಾಗಲ್ಲ. ಕಾಂಗ್ರೆಸ್ಸಿನ ಎರಡೂ ಸದನಗಳು ವಿರೋಧಪಕ್ಷದ ಕೈಯಲ್ಲಿದ್ದರೂ ಅವನ ನಾಲ್ಕು ವರ್ಷದ ಅವಧಿ ಅಲುಗದು. ಅವನ ಮಂತ್ರಿಗಳು ಯಾವ ಸದನದ ಸದಸ್ಯರೂ ಆಗಿರುವಂತಿಲ್ಲ. 1951ರಲ್ಲಿ ಅಂಗೀಕೃತವಾದ ತಿದ್ದುಪಡಿಯ ಪ್ರಕಾರ ಯಾರೂ ಎರಡಕ್ಕಿಂತ ಹೆಚ್ಚು ಸಲ ಅಧ್ಯಕ್ಷರಾಗಿ ಚುನಾಯಿತರಾಗುವಂತಿಲ್ಲ. ಅವಧಿಗೆ ಮುಂಚೆ ಅವನನ್ನು ತೆಗೆಯಬೇಕಾದರೆ ಪ್ರತಿನಿಧಿ ಸಭೆ ದೋಷಾರೋಪಣೆ ಮಾಡಬೇಕು, ಸೆನೆಟ್ ವಿಚಾರಣೆ ನಡೆಸಿ ಮೂರನೆಯ ಎರಡರಷ್ಟು ಮತದಿಂದ ಅಪರಾಧಿಯೆಂದು ತೀರ್ಮಾನಿಸಬೇಕು. 1868ರಲ್ಲಿ ಆಂಡ್ರೂ ಜಾನ್ಸನ್, 1998ರಲ್ಲಿ ಬಿಲ್ ಕ್ಲಿಂಟನ್, 2019 ಮತ್ತು 2021ರಲ್ಲಿ ಡೊನಾಲ್ಡ್ ಟ್ರಂಪ್ ಈ ಆರೋಪಕ್ಕೆ ಒಳಗಾದರು. ಸೆನೆಟ್ ಯಾರನ್ನೂ ಅಪರಾಧಿಯೆಂದು ಹೇಳಲಿಲ್ಲ.

ಪಕ್ಷಗಳ ವಿಷಯದಲ್ಲೂ ವ್ಯತ್ಯಾಸ ದೊಡ್ಡದು. ಡೆಮಾಕ್ರಟಿಕ್, ರಿಪಬ್ಲಿಕನ್ ಎಂಬ ಎರಡು ಪಕ್ಷಗಳೇ ಅಲ್ಲಿ ಪ್ರಧಾನ. ಆದರೆ ನಮ್ಮಲ್ಲಿರುವಂತೆ ಟಿಕೆಟ್ ಹಂಚುವ ಹೈಕಮಾಂಡ್ ಅಲ್ಲಿಲ್ಲ. ಯಾರು ಅಭ್ಯರ್ಥಿಯಾಗಬೇಕೆಂಬುದನ್ನು ಪ್ರಾಥಮಿಕ ಚುನಾವಣೆಗಳಲ್ಲಿ ಮತದಾರರೇ ನಿರ್ಧರಿಸುತ್ತಾರೆ. ಪಕ್ಷದ ಆದೇಶವನ್ನು ಮೀರಿ ಮತ ಹಾಕಿದ ಸದಸ್ಯನ ಸ್ಥಾನವನ್ನು ಕಸಿಯುವ, ನಮ್ಮ 1985ರ ಪಕ್ಷಾಂತರ ನಿಷೇಧದಂಥ ನಿಯಮವೂ ಇಲ್ಲ. ಆದ್ದರಿಂದ ಅಧ್ಯಕ್ಷ ತನ್ನ ಪಕ್ಷದ ಸದಸ್ಯರನ್ನೂ ಒಲಿಸಿಕೊಳ್ಳಬೇಕಾಗುತ್ತದೆ. ಆದರೂ ಪ್ರಾಥಮಿಕ ಚುನಾವಣೆಯ ಮತದಾರರ ಮೇಲೆ ಹಿಡಿತವುಳ್ಳ ಅಧ್ಯಕ್ಷನೊಬ್ಬ ಬಂದಾಗ ಆ ಸದಸ್ಯರ ಸ್ವಾತಂತ್ರ್ಯ ಕುಗ್ಗುತ್ತದೆಂಬುದನ್ನು ಇತ್ತೀಚಿನ ವರ್ಷಗಳು ತೋರಿಸಿವೆ.

ಅಧ್ಯಕ್ಷನ ಚುನಾವಣೆ ನಮಗೆ ಇನ್ನೂ ವಿಚಿತ್ರವಾಗಿ ಕಾಣುತ್ತದೆ. ಜನರು ಹಾಕಿದ ಮತಗಳನ್ನು ದೇಶಾದ್ಯಂತ ಕೂಡಿ ಗೆದ್ದವರನ್ನು ಸಾರುವ ಕ್ರಮ ಅಲ್ಲಿಲ್ಲ. ಪ್ರತಿ ರಾಜ್ಯಕ್ಕೂ ಇಂತಿಷ್ಟು ನಿರ್ವಾಚಕರು, ಒಟ್ಟು 538. ಎರಡು ರಾಜ್ಯಗಳನ್ನು ಬಿಟ್ಟರೆ, ರಾಜ್ಯದಲ್ಲಿ ಒಂದು ಮತ ಹೆಚ್ಚು ಪಡೆದವರಿಗೂ ಆ ರಾಜ್ಯದ ನಿರ್ವಾಚಕರೆಲ್ಲರೂ ಸಲ್ಲುತ್ತಾರೆ. 270 ಮುಟ್ಟಿದವರು ಅಧ್ಯಕ್ಷರು. ಹೀಗಾಗಿ 2000ದಲ್ಲಿ ಅಲ್ ಗೋರ್ ದೇಶದಲ್ಲಿ ಸುಮಾರು 5 ಲಕ್ಷ ಮತ ಹೆಚ್ಚು ಪಡೆದರೂ, ಫ್ಲಾರಿಡಾದಲ್ಲಿ 537 ಮತಗಳಿಂದ ಹಿಂದೆ ಬಿದ್ದು ಸೋತ. 2016ರಲ್ಲಿ ಹಿಲರಿ ಕ್ಲಿಂಟನ್ 28 ಲಕ್ಷಕ್ಕೂ ಹೆಚ್ಚು ಮತಗಳ ಮುನ್ನಡೆಯಿದ್ದೂ ಸೋತರು.

ಇಷ್ಟೊಂದು ಬೀಗಗಳಿಂದ ಬಂದ ಲಾಭವೇನು? ಅದಕ್ಕೆ 1974ರ ಉದಾಹರಣೆ ಸಾಕು. ವಾಟರ್‌ಗೇಟ್ ಹಗರಣದಲ್ಲಿ ತನ್ನ ಕಚೇರಿಯ ಸಂಭಾಷಣೆಗಳ ಧ್ವನಿಸುರುಳಿಗಳನ್ನು ಒಪ್ಪಿಸಲು ಅಧ್ಯಕ್ಷ ರಿಚರ್ಡ್ ನಿಕ್ಸನ್ ನಿರಾಕರಿಸಿದ. ಜುಲೈ 24ರಂದು ಸರ್ವೋಚ್ಚ ನ್ಯಾಯಾಲಯದ ಎಂಟು ನ್ಯಾಯಮೂರ್ತಿಗಳು ಒಮ್ಮತದಿಂದ, ಅವುಗಳನ್ನು ಕೊಡಲೇಬೇಕೆಂದು ಆಜ್ಞಾಪಿಸಿದರು. ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ನಿಕ್ಸನ್ನನೇ ನೇಮಿಸಿದವನಾಗಿದ್ದ. ಆಗಸ್ಟ್ 9ರಂದು ನಿಕ್ಸನ್ ಅಧಿಕಾರ ಬಿಟ್ಟುಹೋದ. ಒಂದು ಗುಂಡೂ ಹಾರಲಿಲ್ಲ.

ನಷ್ಟವೂ ಸಣ್ಣದಲ್ಲ. ಕೆಟ್ಟದ್ದನ್ನು ತಡೆಯುವ ಬೀಗ ಒಳ್ಳೆಯದನ್ನೂ ತಡೆಯುತ್ತದೆ. ಸ್ವಾತಂತ್ರ್ಯದ ಮಾತಾಡಿದ ಅದೇ ರಾಜ್ಯಾಂಗ ಗುಲಾಮಗಿರಿಯನ್ನು ಸಹಿಸಿಕೊಂಡಿತು. ಪ್ರತಿನಿಧಿಗಳ ಲೆಕ್ಕಕ್ಕೆ ಐವರು ಗುಲಾಮರನ್ನು ಮೂವರೆಂದು ಎಣಿಸಿತು. ಆ ಕಳಂಕ ತೊಳೆಯಲು ಒಂದು ಅಂತರ್ಯುದ್ಧವೂ 1865ರ ತಿದ್ದುಪಡಿಯೂ ಬೇಕಾದವು. ಆಮೇಲೂ ಕರಿಯರ ಹಕ್ಕುಗಳ ಮಸೂದೆಗಳನ್ನು ಸೆನೆಟ್ಟಿನಲ್ಲಿ ಮುಗಿಯದ ಭಾಷಣಗಳಿಂದ ದಶಕಗಳ ಕಾಲ ತಡೆದರು. ಇಂದಿಗೂ ಬಹುಪಾಲು ಮಸೂದೆಗಳ ಮೇಲಿನ ಚರ್ಚೆ ಮುಗಿಸಲು ಅಲ್ಲಿ 60 ಮತ ಬೇಕು. 2025ರಲ್ಲಿ ಅಧ್ಯಕ್ಷ ಪದವಿಯೂ ಎರಡು ಸದನಗಳೂ ರಿಪಬ್ಲಿಕನ್ನರ ಕೈಯಲ್ಲೇ ಇದ್ದವು. ಆದರೂ ಈ 60 ಒದಗದೆ ಸರ್ಕಾರ ಅಕ್ಟೋಬರ್ 1ರಿಂದ 43 ದಿನ ಭಾಗಶಃ ಮುಚ್ಚಿತು. ಲಕ್ಷಾಂತರ ನೌಕರರು ಸಂಬಳ ಕಾಣಲಿಲ್ಲ.

ನಮ್ಮ ಸಂವಿಧಾನವನ್ನು ಬರೆದವರು ಈ ಲಾಭನಷ್ಟಗಳನ್ನು ಬಲ್ಲವರಾಗಿದ್ದರು. 1948ರ ನವೆಂಬರ್ 4ರಂದು ಕರಡನ್ನು ಮಂಡಿಸುತ್ತ ಡಾ. ಅಂಬೇಡ್ಕರ್ ಅವರು, ಅಮೆರಿಕದ ಪದ್ಧತಿಯಲ್ಲಿ ಸ್ಥಿರತೆ ಹೆಚ್ಚು, ಸಂಸದೀಯ ಪದ್ಧತಿಯಲ್ಲಿ ಹೊಣೆಗಾರಿಕೆ ಹೆಚ್ಚು, ಕರಡು ಎರಡನೆಯದನ್ನು ಆರಿಸಿಕೊಂಡಿದೆ ಎಂದು ವಿವರಿಸಿದರು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ದಕ್ಷಿಣ ಕನ್ನಡ ಮೂಲದ ಬೆನೆಗಲ್ ನರಸಿಂಗ ರಾಯರು 1947ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡಿದ್ದರು. ನ್ಯಾಯಯುತ ಕ್ರಮವಿಲ್ಲದೆ ಯಾರ ಸ್ವಾತಂತ್ರ್ಯವನ್ನೂ ಕಸಿಯಬಾರದೆಂಬ ಅಮೆರಿಕದ ವಿಧಿ ನ್ಯಾಯಾಧೀಶರಿಗೆ ಅತಿಯಾದ ಅಧಿಕಾರ ಕೊಡುತ್ತದೆಂದು ಆ ಅಮೆರಿಕದ ನ್ಯಾಯಮೂರ್ತಿಯೇ ಎಚ್ಚರಿಸಿದರು. ಫಲವಾಗಿ ನಮ್ಮ 21ನೆಯ ಅನುಚ್ಛೇದದಲ್ಲಿ ಕಾನೂನು ವಿಧಿಸಿದ ಕ್ರಮ ಎಂಬ ಮಾತು ನಿಂತಿತು. ಆದರೆ 1978ರಲ್ಲಿ, ತುರ್ತು ಪರಿಸ್ಥಿತಿಯ ಕಹಿ ಅನುಭವದ ನಂತರ, ಆ ಕ್ರಮ ನ್ಯಾಯಯುತವೂ ಆಗಿರಬೇಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವೇ ಅರ್ಥೈಸಿತು. ಬಿಟ್ಟು ಬಂದ ಬೀಗ ಮೂವತ್ತು ವರ್ಷಗಳ ಬಳಿಕ ನಮಗೆ ಬೇಕಾಯಿತು.

ಇನ್ನು ಕೊನೆಯ ಪ್ರಶ್ನೆ: ಬೀಗಗಳು ತಾವಾಗಿಯೇ ಕಾವಲು ಕಾಯುತ್ತವೆಯೆ? ಇಲ್ಲವೆಂದು ತೋರುತ್ತದೆ. ಯುದ್ಧ ಘೋಷಿಸುವ ಕೀಲಿ ಕಾಂಗ್ರೆಸ್ಸಿನದೆಂದು ರಾಜ್ಯಾಂಗ ಹೇಳುತ್ತದೆ. ಆದರೆ ವಿಧ್ಯುಕ್ತವಾಗಿ ಅದು ಕೊನೆಯ ಬಾರಿ ಯುದ್ಧ ಘೋಷಿಸಿದ್ದು 1942ರಲ್ಲಿ. ಕೊರಿಯಾ, ವಿಯೆಟ್ನಾಮ್, ಇರಾಕ್ ಯಾವುದಕ್ಕೂ ಅಂಥ ಘೋಷಣೆ ಇರಲಿಲ್ಲ. ಬಳಸದ ಕೀಲಿಗೆ ತುಕ್ಕು ಹಿಡಿಯುತ್ತದೆ.

ಇದಕ್ಕೆ ಎದುರಾದ ನಿದರ್ಶನವೂ ಉಂಟು. 2020ರ ಚುನಾವಣೆಯಲ್ಲಿ ಸೋತ ಡೊನಾಲ್ಡ್ ಟ್ರಂಪ್ ಸೋಲನ್ನು ಒಪ್ಪಲಿಲ್ಲ. ಅವನ ಕಡೆಯವರು ಹೂಡಿದ 60ಕ್ಕೂ ಹೆಚ್ಚು ಮೊಕದ್ದಮೆಗಳು ಹೆಚ್ಚುಕಡಿಮೆ ಎಲ್ಲವೂ ಬಿದ್ದುಹೋದವು. ಅಮೆರಿಕದಲ್ಲಿ ನಮ್ಮಂತೆ ಇಡೀ ದೇಶದ ಚುನಾವಣೆ ನಡೆಸುವ ಒಂದೇ ಆಯೋಗವಿಲ್ಲ, ರಾಜ್ಯಗಳೇ ನಡೆಸುತ್ತವೆ. 2021ರ ಜನವರಿ 2ರಂದು ಅಧ್ಯಕ್ಷ ಜಾರ್ಜಿಯಾ ರಾಜ್ಯದ ಚುನಾವಣೆಯ ಹೊಣೆ ಹೊತ್ತಿದ್ದ ಅಧಿಕಾರಿಗೆ ದೂರವಾಣಿಯಲ್ಲಿ ಮಾತನಾಡಿ, 11,780 ಮತಗಳನ್ನು ಹುಡುಕಿಕೊಡಬೇಕೆಂದು ಕೇಳಿದ. ಆ ಅಧಿಕಾರಿ ಅಧ್ಯಕ್ಷನ ಪಕ್ಷದವನೇ. ಅವನು ಒಪ್ಪಲಿಲ್ಲ. ಜನವರಿ 6ರಂದು ಗುಂಪೊಂದು ಶಾಸನಭವನಕ್ಕೆ ನುಗ್ಗಿತು. ಕಾಂಗ್ರೆಸ್ ಅದೇ ರಾತ್ರಿ ಮತ್ತೆ ಸೇರಿ ಬೆಳಗಿನ ಜಾವದ ಹೊತ್ತಿಗೆ ಎಣಿಕೆ ಮುಗಿಸಿತು. 2024ರಲ್ಲಿ ಜನ ಟ್ರಂಪನನ್ನೇ ಮರಳಿ ಆರಿಸಿದರು. 2025ರ ಜನವರಿ 20ರಂದು ಅವನು ಆ ಗಲಭೆಯ ಸುಮಾರು 1500 ಮಂದಿಗೆ ಕ್ಷಮಾದಾನ ನೀಡಿದ. ಕ್ಷಮಾದಾನದ ಅಧಿಕಾರಕ್ಕೆ ರಾಜ್ಯಾಂಗ ಬೇರೆ ಯಾರ ಬೀಗವನ್ನೂ ಹಾಕಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದರೆ ಏನು ಮಾಡಬೇಕೆಂದು ನಮ್ಮ ಹಿರಿಯರು ಕೇಳಿದ್ದಾರೆ. ಅಮೆರಿಕದ ಸ್ಥಾಪಕರು ಒಂದು ಬೇಲಿಯ ಕಾವಲಿಗೆ ಇನ್ನೆರಡು ಬೇಲಿಗಳನ್ನು ಹಾಕಿದರು. ಉಪಾಯ ದೊಡ್ಡದೇ. ಆದರೆ ಆ ಜನವರಿಯಲ್ಲಿ ಹೊಲ ಉಳಿಸಿದ್ದು ಕಾಗದದ ಮೇಲಿನ ವಿಧಿಯಷ್ಟೇ ಅಲ್ಲ. ತನ್ನ ಪಾಲಿನ ಕೀಲಿಯನ್ನು ಕೈಬಿಡಲು ಒಪ್ಪದ, ಹೊರದೇಶದವರಿಗೆ ಹೆಸರೂ ಗೊತ್ತಿರದ ರಾಜ್ಯವೊಂದರ ಅಧಿಕಾರಿ. ಅಂಥವರು ಎಷ್ಟು ಮಂದಿ ಇರುತ್ತಾರೆಂಬುದನ್ನು ಯಾವ ರಾಜ್ಯಾಂಗವೂ ಮುಂಚಿತವಾಗಿ ನಿಗದಿಮಾಡಲಾರದು. ಅದನ್ನು ಗೊತ್ತುಮಾಡುವವರು ಅಲ್ಲಿಯೂ ಇಲ್ಲಿಯೂ ಪ್ರಜೆಗಳೇ.