ನೀಟ್‌ಗೂ ಮೊದಲು ಹತ್ತು ದಿನ ಸ್ಟೂಲ್ ಮೇಲೆ

ಪಿಯುಸಿ ಪರೀಕ್ಷೆ ಮುಗಿಯುವ ಹೊತ್ತಿಗೆ ಊರಿನಿಂದ ನನಗೆ ಬರುವ ಫೋನ್‌ಗಳಲ್ಲಿ ಒಂದೇ ಪ್ರಶ್ನೆ: ‘ಡಾಕ್ಟ್ರೇ, ನೀಟ್‌ಗೆ ಯಾವ ಕೋಚಿಂಗ್ ಒಳ್ಳೇದು?’ ‘ಮಗು ಒಂದು ದಿನವಾದರೂ ಡಾಕ್ಟರ ಪಕ್ಕ ಕೂತು ಕೆಲಸ ನೋಡಿದೆಯಾ?’ ಎಂದು ಕೇಳಿದರೆ ಆ ಕಡೆ ಮೌನ.

ಅಮೆರಿಕದಲ್ಲಿ ಮೆಡಿಕಲ್ ಸೇರಬಯಸುವವರು ಮೊದಲು ವೈದ್ಯರ ಜತೆಗಿದ್ದು ಅವರ ದಿನಚರಿ ನೋಡುತ್ತಾರೆ. ಅದಕ್ಕೆ ‘ಶ್ಯಾಡೋಯಿಂಗ್’ ಎಂಬ ಹೆಸರು. ಅದನ್ನು ಅರ್ಜಿಯಲ್ಲೂ ಬರೆಯುತ್ತಾರೆ. ನಮ್ಮಲ್ಲಿ 720 ಅಂಕದ ನೀಟ್ ಒಂದೇ ಬಾಗಿಲು. 2019ರ ಹೊಸ ಪಠ್ಯಕ್ರಮ ಮೊದಲ ವರ್ಷದಿಂದಲೇ ರೋಗಿಗಳನ್ನು ತೋರಿಸುತ್ತದೆ, ನಿಜ. ಆದರೆ ಅಷ್ಟರಲ್ಲಿ ಶುಲ್ಕ ಕಟ್ಟಿ ಆಗಿರುತ್ತದೆ.

ನಾನಿರುವ ಕಾಳಿಘಾಟ್‌ನಲ್ಲಿ, ಕಾಳಿ ದೇಗುಲದ ಮಗ್ಗುಲಲ್ಲೇ, ಮದರ್ ತೆರೇಸಾ 1952ರಲ್ಲಿ ಆರಂಭಿಸಿದ ‘ನಿರ್ಮಲ್ ಹೃದಯ’ ಇದೆ. ಅಲ್ಲಿಗೆ ಬರುವ ವಿದೇಶಿ ಸ್ವಯಂಸೇವಕರಲ್ಲಿ ಡಾಕ್ಟರಾಗುವ ಕನಸಿನವರೂ ಇರುತ್ತಾರೆ. ಬಟ್ಟೆ ಒಗೆಯುತ್ತಾರೆ, ಊಟ ಮಾಡಿಸುತ್ತಾರೆ. ‘ಲ್ಯಾನ್ಸೆಟ್’ ಪತ್ರಿಕೆಯ ಆಗಿನ ಸಂಪಾದಕ ರಾಬಿನ್ ಫಾಕ್ಸ್ 1994ರಲ್ಲಿ ಈ ಮನೆಯ ಬಗ್ಗೆ ಬರೆದರು. ಅಲ್ಲಿನ ಪ್ರೀತಿಯ ಆರೈಕೆಯನ್ನು ಮೆಚ್ಚಿದರು. ರೋಗಪತ್ತೆಯ ವ್ಯವಸ್ಥೆ ಮತ್ತು ಬಲವಾದ ನೋವುನಿವಾರಕಗಳ ಕೊರತೆಯನ್ನು ಟೀಕಿಸಿದರು. ಮರುಕ ಇದ್ದರೆ ಸಾಲದು, ವೈದ್ಯರ ಕೆಲಸ ಏನೆಂದು ಬೇರೆಯಾಗಿಯೇ ನೋಡಬೇಕು.

ಕಳೆದ ಬೇಸಿಗೆಯಲ್ಲಿ ದಾವಣಗೆರೆಯಿಂದ ಅಕ್ಕನ ಮಗಳು ಬಂದಳು. ನನ್ನ ಚೇಂಬರ್‌ನಲ್ಲಿ (ಇಲ್ಲಿ ಕ್ಲಿನಿಕ್‌ಗೆ ಹಾಗೆನ್ನುತ್ತಾರೆ) ಮೂಲೆಯ ಸ್ಟೂಲ್ ಮೇಲೆ ಹತ್ತು ದಿನ ಕೂರಿಸಿದೆ. ರೋಗಿ ಒಪ್ಪಿದರಷ್ಟೇ ಒಳಗೆ, ಬೇಡವೆಂದರೆ ಹೊರಗೆ. ಯಾರನ್ನೂ ಮುಟ್ಟುವಂತಿಲ್ಲ, ಫೋಟೊ ಇಲ್ಲ, ಕೇಳಿದ್ದನ್ನು ಹೊರಗೆ ಹೇಳುವಂತಿಲ್ಲ.

ಮೊದಲ ದಿನಗಳಲ್ಲಿ ಬರೀ ‘ಗ್ಯಾಸ್, ಅಂಬಲ್’. ಅಂಬಲ್ ಎಂದರೆ ನಮ್ಮ ಹುಳಿತೇಗು, ಎದೆಯುರಿ. ಜತೆಗೆ ಶುಗರ್, ಬಿ.ಪಿ. ಅವಳಿಗೆ ಆಕಳಿಕೆ. ಆರನೇ ದಿನ ದೇಗುಲದ ಬಳಿ ದಾಸವಾಳ ಮಾರುವ ಹೆಂಗಸು ಬಂದಳು. ಶುಗರ್ ಏರಿತ್ತು, ಪಾದದ ಹುಣ್ಣು ಕಪ್ಪಾಗಿತ್ತು. ಆಸ್ಪತ್ರೆ ಸೇರಿದರೆ ಹೂವಿನ ಜಾಗ ಬೇರೆಯವರ ಪಾಲಾಗುತ್ತದೆಂದು ಅವಳು ಒಪ್ಪಲಿಲ್ಲ. ಮಗನನ್ನು ಕರೆಸಿ, ಜಾಗ ನೋಡಿಕೊಳ್ಳಲು ಹೇಳಿ, ಕೊನೆಗೆ ಒಪ್ಪಿಸಿದೆ.

‘ಮಾಮಾ, ಚೀಟಿ ಬರೆಯೋಕೆ ಎರಡು ನಿಮಿಷ, ಒಪ್ಪಿಸೋಕೆ ಅರ್ಧ ಗಂಟೆ ಆಯ್ತಲ್ಲ?’

‘ಕೆಲಸ ಅಂದ್ರೆ ಅದೇ ಕಣೇ.’

ಕೊನೆಯ ದಿನ ಅವಳೇ ಹೇಳಿದಳು: ‘ರಕ್ತ, ಹುಣ್ಣು ನೋಡಿದ್ರೆ ಭಯ ಇಲ್ಲ. ಆದ್ರೆ ದಿನಾ ಇಷ್ಟು ಜನರ ಕಷ್ಟ ಕೇಳ್ಕೊಂಡು ಕೂರೋಕೆ ನನ್ ಕೈಲಿ ಆಗಲ್ಲ. ಅಮ್ಮಂಗೆ ನೀನೇ ಹೇಳ್ತೀಯಾ?’

ಹೇಳಿದೆ. ‘ಧೈರ್ಯ ತುಂಬ್ತೀಯ ಅಂತ ಕಳಿಸಿದ್ರೆ ಹಿಂಗಾ ಮಾಡೋದು?’ ಎಂದ ಅಕ್ಕ ಎರಡು ವಾರ ನನ್ನ ಫೋನ್ ಎತ್ತಲಿಲ್ಲ. ಹುಡುಗಿ ಈಗ ಮೈಕ್ರೋಬಯಾಲಜಿ ಓದುತ್ತಿದ್ದಾಳೆ. ಲ್ಯಾಬ್‌ನಿಂದ ಹೊತ್ತಾಗಿ ಬರುತ್ತಾಳೆಂಬುದೇ ಈಗ ಅಕ್ಕನ ದೂರು.

ಎಂಬಿಬಿಎಸ್ ಎಂದರೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಅದರ ಮುಂದೆ ಹತ್ತು ದಿನ ಏನೂ ಅಲ್ಲ. ಪರಿಚಯದ ವೈದ್ಯರನ್ನು ಕೇಳಿ ನೋಡಿ. ಆಪರೇಷನ್ ಥಿಯೇಟರ್ ಬೇಡ, ಒಪಿಡಿ ಸಾಕು. ಹೊರನಾಡಿನ ವೈದ್ಯಮಿತ್ರರೇ, ರಜೆಗೆ ಬರುವ ಊರಿನ ಮಕ್ಕಳಿಗೆ ನಿಮ್ಮ ಕೋಣೆಯಲ್ಲೂ ಒಂದು ಸ್ಟೂಲ್ ಹಾಕಿ. ಅಲ್ಲಿಂದ ಎದ್ದ ಮೇಲೂ ‘ನಂಗೆ ಇದೇ ಬೇಕು’ ಎನ್ನುವ ಮಗುವಿಗೆ ಕೋಚಿಂಗ್ ಹುಡುಕೋಣ.