120 ಕೋಟಿಯೊಳಗೆ ಕಪ್ ಹೊಂದಿಸಿದ ಲೆಕ್ಕ

2024ರ ಐಪಿಎಲ್‌ನಲ್ಲಿ ಆರ್‌ಸಿಬಿ ಮೊದಲ 8 ಪಂದ್ಯಗಳಲ್ಲಿ 7 ಸೋತಿತ್ತು. ಆಮೇಲೆ ಸತತ 6 ಗೆದ್ದರೂ ಎಲಿಮಿನೇಟರ್‌ನಲ್ಲಿ ಕಥೆ ಮುಗೀತು. ಆ ವರ್ಷ ಕ್ಯಾಮರಾನ್ ಗ್ರೀನ್‌ಗೆ 17.5 ಕೋಟಿ, ಅಲ್ಜಾರಿ ಜೋಸೆಫ್‌ಗೆ 11.5 ಕೋಟಿ. ಜೋಸೆಫ್ ಆಡಿದ್ದು ಬರೀ 3 ಪಂದ್ಯ!

2025ರ ಮೆಗಾ ಹರಾಜಿಗೆ ಪ್ರತಿ ತಂಡಕ್ಕೂ ಮಿತಿ 120 ಕೋಟಿ. ನಮ್ಮವರು ಉಳಿಸಿಕೊಂಡಿದ್ದು ಮೂವರನ್ನೇ: ಕೊಹ್ಲಿ 21, ರಜತ್ ಪಾಟೀದಾರ್ 11, ಯಶ್ ದಯಾಳ್ 5 ಕೋಟಿ. ಕ್ಯಾಪ್ಟನ್ ಫಾಫ್ ಡು ಪ್ಲೆಸಿಯನ್ನೂ ಬಿಟ್ಟರು. ಕೈಯಲ್ಲಿ ಉಳಿದದ್ದು 83 ಕೋಟಿ.

ಕನ್ನಡಿಗ ಕೆ.ಎಲ್. ರಾಹುಲ್ 14 ಕೋಟಿಗೆ ಡೆಲ್ಲಿ ಪಾಲಾದ್ರು, ಸಿರಾಜ್ 12.25 ಕೋಟಿಗೆ ಗುಜರಾತ್‌ಗೆ ಹೋದ್ರು. ಅಭಿಮಾನಿಗಳಿಗೆ ಹೊಟ್ಟೆ ಉರಿದದ್ದು ಸಹಜ. ಆದ್ರೆ ಆಲ್ದೂರಿನ ಯಾವ ತೋಟದವರನ್ನು ಕೇಳಿದ್ರೂ ಹೇಳ್ತಾರೆ: ಇರೋ ದುಡ್ಡನ್ನೆಲ್ಲ ಗೊಬ್ಬರಕ್ಕೇ ಸುರಿದ್ರೆ ಕೊಯ್ಲಿನ ಹೊತ್ತಿಗೆ ಆಳುಗಳ ಕೂಲಿಗೆ ಏನು ಮಾಡ್ತೀರಿ?

ಆರ್‌ಸಿಬಿ ಈ ಸಲ ಹಣ ಹಂಚಿತು. ಹೇಜಲ್‌ವುಡ್‌ಗೆ 12.5, ಭುವನೇಶ್ವರ್‌ಗೆ 10.75, ಕೃಣಾಲ್ ಪಾಂಡ್ಯಗೆ 5.75. ಕೊನೇ ಓವರ್‌ಗಳಲ್ಲಿ ಬಾರಿಸೋಕೆ ಟಿಮ್ ಡೇವಿಡ್ 3 ಕೋಟಿಗೆ, ರೊಮಾರಿಯೊ ಶೆಫರ್ಡ್ ಒಂದೂವರೆ ಕೋಟಿಗೇ ಸಿಕ್ಕರು. ಬ್ಯಾಟಿಂಗ್ ಸ್ಟಾರ್‌ಗಳ ತಂಡ ಅನ್ನಿಸಿಕೊಂಡವರು ಬೌಲಿಂಗ್‌ಗೆ ಕೈ ಬಿಚ್ಚಿ ಖರ್ಚು ಮಾಡಿದ್ರು.

ನಾಯಕತ್ವದ ಪ್ರಶ್ನೆ ಬಂದಾಗ ಮತ್ತೆ ಕೊಹ್ಲಿನೇ ಅಂದುಕೊಂಡವರೇ ಜಾಸ್ತಿ. ಪಟ್ಟ ಸಿಕ್ಕಿದ್ದು ಪಾಟೀದಾರ್‌ಗೆ.

2025ರ ಜೂನ್ 3, ಅಹಮದಾಬಾದ್. ಪಂಜಾಬ್ ವಿರುದ್ಧ 6 ರನ್ ಗೆಲುವು, 18ನೇ ಸೀಸನ್‌ನಲ್ಲಿ ಮೊದಲ ಕಪ್. ಫೈನಲ್‌ನ ಪಂದ್ಯಶ್ರೇಷ್ಠ? 4 ಓವರ್, 17 ರನ್, 2 ವಿಕೆಟ್: 5.75 ಕೋಟಿಯ ಕೃಣಾಲ್.