ಹ್ಯಾರಿ ಪಾಟರನ ಒಗಟು, ಮಸ್ಕಿಯ ಬಂಡೆ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೊರಟ ಬಸ್ಸಿನಲ್ಲಿ ಅಣ್ಣನ ಮೊಮ್ಮಗಳು ನನ್ನ ಪಕ್ಕದಲ್ಲಿ ಕುಳಿತಿದ್ದಳು. ಒಂಬತ್ತನೆಯ ತರಗತಿಯ ಹುಡುಗಿ. ಕಾಲುವೆಯ ನೀರುಂಡ ಭತ್ತದ ಗದ್ದೆಗಳು ಹಿಂದೆ ಸರಿದು ಮಸ್ಕಿಯ ಬಂಡೆಗುಡ್ಡಗಳು ಕಾಣತೊಡಗಿದ ಹೊತ್ತಿಗೆ ಅವಳು ಚೀಲದಿಂದ ಒಂದು ನೋಟುಬುಕ್ಕು ತೆಗೆದಳು. ‘ತಾತ, ಸಮುದ್ರದ ನಡುವಿನ ಗುಡಿಸಲಿಗೆ ಹ್ಯಾಗ್ರಿಡ್ ಹ್ಯಾಂಗ ಬಂದ? ಹಾರಿ ಬಂದೆ ಅಂತಾನ. ಯಾವುದರ ಮ್ಯಾಲ ಹಾರಿ ಬಂದ?’

ಹ್ಯಾಗ್ರಿಡ್ ಯಾರೆಂದು ನನಗೆ ತಿಳಿಯದು. ಹುಡುಗಿಯೇ ವಿವರಿಸಿದಳು. ಜೆ.ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಮಾಲೆಯ ಮೊದಲ ಪುಸ್ತಕದಲ್ಲಿ, ಮಾಂತ್ರಿಕರ ಶಾಲೆಯಾದ ಹಾಗ್ವರ್ಟ್ಸ್‌ನಿಂದ ಬಾಲಕ ಹ್ಯಾರಿಯನ್ನು ಕರೆದೊಯ್ಯಲು ಬರುವ ದೈತ್ಯಕಾಯದ ಮನುಷ್ಯನೇ ಈ ಹ್ಯಾಗ್ರಿಡ್. ಬಂದದ್ದು ಹಾರಿಕೊಂಡು, ಹಿಂತಿರುಗಿದ್ದು ದೋಣಿಯಲ್ಲಿ. ಹಾರಿದ ವಾಹನ ಯಾವುದು, ಅದು ಏನಾಯಿತು ಎಂಬುದನ್ನು ಕಥೆ ಹೇಳುವುದಿಲ್ಲ. ಓದುಗರು ಮಾತ್ರ ಸುಮ್ಮನಿಲ್ಲ. ಹಾರುವ ಮೋಟರ್‌ಸೈಕಲ್ ಎಂದು ಕೆಲವರು, ಐದನೆಯ ಪುಸ್ತಕದಲ್ಲಿ ಬರುವ ಅದೃಶ್ಯ ಕುದುರೆ ಎಂದು ಇನ್ನು ಕೆಲವರು ವಾದಿಸುತ್ತಾರೆ. ಅವಳ ನೋಟುಬುಕ್ಕಿನಲ್ಲಿ ಇಂಥ ಇಪ್ಪತ್ತಕ್ಕೂ ಹೆಚ್ಚು ಪ್ರಶ್ನೆಗಳಿದ್ದವು. ಪ್ರತಿಯೊಂದರ ಮುಂದೆಯೂ ಪುಸ್ತಕದ ಪುಟ ಸಂಖ್ಯೆ.

ಮೊದಲಿಗೆ ನನಗೆ ಬಂದದ್ದು ನಗು. ಇಲ್ಲದ ಶಾಲೆಯ, ಇಲ್ಲದ ಮನುಷ್ಯನ, ಇಲ್ಲದ ವಾಹನದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆ? ನಮ್ಮ ತಲೆಮಾರಿನ ಬಹುತೇಕರು ಹೀಗೇ ಕೇಳುತ್ತಾರೆ. ಆದರೆ ಲಿಂಗಸುಗೂರು ತಲುಪುವ ವೇಳೆಗೆ ನನ್ನ ನಗು ಅಡಗಿತ್ತು. ಇತಿಹಾಸದ ಮೇಷ್ಟ್ರಾಗಿ ನಾನು ತರಗತಿಯಲ್ಲಿ ಕಲಿಸಬೇಕಾಗಿದ್ದ, ಆದರೆ ಕಲಿಸದೇ ಬಿಟ್ಟ ವಿದ್ಯೆಯೊಂದನ್ನು ಈ ಹುಡುಗಿ ಕಥೆ ಪುಸ್ತಕದಿಂದ ತಾನಾಗಿಯೇ ಕಲಿತಿದ್ದಳು.

ಕಾಯುವ ಓದುಗರು

ಹ್ಯಾರಿ ಪಾಟರ್ ಮಾಲೆಯ ಮೊದಲ ಪುಸ್ತಕ ಪ್ರಕಟವಾದದ್ದು 1997ರಲ್ಲಿ; ಏಳನೆಯದೂ ಕೊನೆಯದೂ ಆದ ಪುಸ್ತಕ ಬಂದದ್ದು 2007ರ ಜುಲೈಯಲ್ಲಿ. ನಡುವಿನ ಹತ್ತು ವರ್ಷ ಜಗತ್ತಿನ ಲಕ್ಷಾಂತರ ಮಕ್ಕಳು, ದೊಡ್ಡವರು ಮುಂದಿನ ಪುಸ್ತಕಕ್ಕಾಗಿ ಕಾದರು. ಕಾಯುವವರು ಮತ್ತೆ ಮತ್ತೆ ಓದುತ್ತಾರೆ. ಮತ್ತೆ ಮತ್ತೆ ಓದುವವರಿಗೆ ಬಿರುಕುಗಳು ಕಾಣುತ್ತವೆ. ಲೇಖಕಿ ಹೇಳದೆ ಬಿಟ್ಟದ್ದನ್ನು ಹೇಳಿದ್ದರಿಂದ ಊಹಿಸುವ ಒಂದು ದೊಡ್ಡ ಕಸುಬೇ ಬೆಳೆಯಿತು.

2005ರಲ್ಲಿ ಬಂದ ಆರನೆಯ ಪುಸ್ತಕದ ಕೊನೆಯಲ್ಲಿ ಒಂದು ಚೀಟಿ ಸಿಗುತ್ತದೆ. ಅದರ ಕೆಳಗಿರುವುದು ಆರ್.ಎ.ಬಿ. ಎಂಬ ಮೂರಕ್ಷರ ಮಾತ್ರ. ಅದು ಸಿರಿಯಸ್ ಬ್ಲ್ಯಾಕ್‌ನ ಮೃತ ತಮ್ಮ ರೆಗ್ಯುಲಸ್ ಬ್ಲ್ಯಾಕ್‌ನದೇ ಇರಬೇಕೆಂದು ಓದುಗರು ಊಹಿಸಿದರು. ಐದನೆಯ ಪುಸ್ತಕದಲ್ಲಿ ಆ ಮನೆ ಗುಡಿಸುವಾಗ ಯಾರಿಂದಲೂ ತೆರೆಯಲಾಗದ ಒಂದು ಲಾಕೆಟ್ಟು ಸಿಕ್ಕಿತ್ತೆಂಬ ಒಂದೇ ಸಾಲನ್ನು ಅವರು ಮರೆತಿರಲಿಲ್ಲ. ಇನ್ನೊಂದು ಸುಳಿವು ಬಂದದ್ದು ಅನುವಾದಕರಿಂದ. ಡಚ್ ಭಾಷೆಯಲ್ಲಿ ಬ್ಲ್ಯಾಕ್ ಕುಟುಂಬದ ಹೆಸರನ್ನು ಕಪ್ಪು ಎಂಬ ಅರ್ಥ ಬರುವಂತೆ ಜ್ವಾರ್ಟ್ಸ್ ಎಂದು ಬದಲಿಸಲಾಗಿತ್ತು. ಆ ಅನುವಾದದ ಚೀಟಿಯಲ್ಲಿ ಬಿ ಅಕ್ಷರದ ಜಾಗದಲ್ಲಿ ಜಡ್ ಇತ್ತು! 2007ರಲ್ಲಿ ಊಹೆ ನಿಜವಾಯಿತು.

ಎಲ್ಲ ಊಹೆಗಳಿಗೂ ಈ ಭಾಗ್ಯವಿಲ್ಲ. ವೃದ್ಧ ಮುಖ್ಯೋಪಾಧ್ಯಾಯ ಡಂಬಲ್ಡೋರ್, ಕಾಲದಲ್ಲಿ ಹಿಂದಕ್ಕೆ ಹೋದ ಹ್ಯಾರಿಯ ಗೆಳೆಯ ರಾನ್‌ನೇ ಎಂಬ ವಾದವನ್ನು ಅನೇಕರು ನಂಬಿದ್ದರು. ಇಬ್ಬರೂ ಎತ್ತರ, ಇಬ್ಬರಿಗೂ ಉದ್ದ ಮೂಗು, ಇಬ್ಬರದೂ ಕೆಂಗೂದಲು. ಲೇಖಕಿಯೇ ಅದನ್ನು ತಳ್ಳಿಹಾಕಿದರು. ಇನ್ನು ಕೆಲವು ಇಂದಿಗೂ ಬಗೆಹರಿದಿಲ್ಲ. ತಂದೆತಾಯಿ ಹತರಾದ ರಾತ್ರಿಗೂ, ಕೂಸು ಹ್ಯಾರಿಯನ್ನು ಚಿಕ್ಕಮ್ಮ ಅಲ್ಲ, ದೊಡ್ಡಮ್ಮನ ಮನೆಬಾಗಿಲಲ್ಲಿ ಬಿಟ್ಟ ರಾತ್ರಿಗೂ ನಡುವೆ ಪೂರ್ತಿ ಒಂದು ಹಗಲಿದೆ. ಆ ಹಗಲು ಕೂಸು ಎಲ್ಲಿತ್ತು?

ಹಾಗ್ವರ್ಟ್ಸ್‌ನ ವಿದ್ಯಾರ್ಥಿಗಳ ಲೆಕ್ಕವಂತೂ ಚೆಂದದ ಗಣಿತ. ಹ್ಯಾರಿಯ ಕೋಣೆಯಲ್ಲಿ ಐವರು ಹುಡುಗರು. ಹುಡುಗಿಯರೂ ಅಷ್ಟೇ ಎಂದು ಹಿಡಿದರೆ ಒಂದು ವಿಭಾಗದ ಒಂದು ತರಗತಿಗೆ 10; ನಾಲ್ಕು ವಿಭಾಗ, ಏಳು ವರ್ಷ ಸೇರಿ 280. ಆದರೆ ಮೂರನೆಯ ಪುಸ್ತಕದ ಆಟದ ಮೈದಾನದಲ್ಲಿ ಸ್ಲಿದರಿನ್ ಪರವಾಗಿ ಹಸಿರು ತೊಟ್ಟವರೇ 200 ಮಂದಿ. ಲೇಖಕಿ ಸಂದರ್ಶನವೊಂದರಲ್ಲಿ ಹೇಳಿದ್ದು ಸುಮಾರು 1,000. ‘ಮೂರೂ ಒಂದಕ್ಕೊಂದು ಕೂಡಂಗಿಲ್ಲ ತಾತ’ ಎಂದಳು ಹುಡುಗಿ. ಮೂರು ಆಧಾರಗಳನ್ನು ಎದುರುಬದುರು ನಿಲ್ಲಿಸಿ ಅವು ಹೊಂದುವುದಿಲ್ಲ ಎಂದು ತೋರಿಸುವುದು ಇತಿಹಾಸಕಾರನ ಮೊದಲ ಪಾಠ.

ಎಪ್ಪತ್ತೆಂಟು ವರ್ಷ ಕಾದ ಊಹೆ

ಹಿಂತಿರುಗುವಾಗ ನಾವು ಮಸ್ಕಿಯಲ್ಲಿ ಇಳಿದೆವು. ಈಗ ತಾಲ್ಲೂಕು ಕೇಂದ್ರವಾಗಿರುವ ಈ ಊರು ಹಿಂದೆ ಲಿಂಗಸುಗೂರು ತಾಲ್ಲೂಕಿಗೆ ಸೇರಿತ್ತು. ಇಲ್ಲಿನ ಗುಡ್ಡದ ಬಂಡೆಯ ಮೇಲಿರುವ ಅಶೋಕನ ಶಾಸನವನ್ನು ನಮ್ಮ ಭಾಗದ ಶಾಲಾ ಮಕ್ಕಳೆಲ್ಲ ಒಂದಲ್ಲ ಒಂದು ಪ್ರವಾಸದಲ್ಲಿ ನೋಡಿರುತ್ತಾರೆ. ಆದರೆ ಈ ಬಂಡೆ ಒಂದು ಊಹೆಯನ್ನು ಗೆಲ್ಲಿಸಿದ ಬಂಡೆ ಎಂಬುದನ್ನು ಹೇಳುವವರು ಕಡಿಮೆ.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದಾಗ ಉತ್ತರದ ಕಂಬಗಳಲ್ಲಿ ಕಂಡ ಹೆಸರು ‘ದೇವಾನಂಪ್ರಿಯ ಪ್ರಿಯದರ್ಶಿ’. ದೇವರಿಗೆ ಪ್ರಿಯನಾದ, ಪ್ರೀತಿಯಿಂದ ನೋಡುವ ಈ ರಾಜ ಯಾರು? ಶಾಸನಗಳು ಹೇಳಲಿಲ್ಲ. ಸಿಂಹಳದ ದೇವಾನಂಪ್ರಿಯ ತಿಸ್ಸನಿರಬಹುದೆಂದು ಪ್ರಿನ್ಸೆಪ್ ಮೊದಲು ಊಹಿಸಿದರು. ಊಹೆ ತಪ್ಪಾಗಿತ್ತು. ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಅಲ್ಲಿನ ಪಾಲಿ ಗ್ರಂಥ ದೀಪವಂಶವನ್ನು ನೋಡಿ, ಚಂದ್ರಗುಪ್ತನ ಮೊಮ್ಮಗ ಅಶೋಕನಿಗೇ ಪ್ರಿಯದರ್ಶಿ ಎಂಬ ಹೆಸರಿತ್ತೆಂದು ತಿಳಿಸಿದರು. ಪ್ರಿನ್ಸೆಪ್ ತಮ್ಮ ಮಾತನ್ನು ಬಿಟ್ಟುಕೊಟ್ಟರು. ಆದರೂ ಅದು ಊಹೆಯೇ. ಅಶೋಕ ಎಂಬ ಹೆಸರಿದ್ದ ಅವನದೇ ಶಾಸನ ಒಂದೂ ಸಿಕ್ಕಿರಲಿಲ್ಲ.

ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಬಂಡೆಯ ಮೇಲಿನ ಅಕ್ಷರಗಳನ್ನು ಕಂಡದ್ದು 1915ರಲ್ಲಿ. ಆಗ ಈ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಸವೆದು ಮುರಿದ ಸಾಲುಗಳ ಮೊದಲಲ್ಲೇ ‘ದೇವಾನಂಪಿಯಸ ಅಸೋಕಸ’ ಎಂದಿತ್ತು. ಒಂದು ಊಹೆ ಎಪ್ಪತ್ತೆಂಟು ವರ್ಷ ಕಾದು, ನಮ್ಮ ರಾಯಚೂರು ಸೀಮೆಯ ಕಲ್ಲಿನಲ್ಲಿ ಉತ್ತರ ಪಡೆಯಿತು. ಆರ್.ಎ.ಬಿ.ಯ ಕಥೆಗೂ ಇದಕ್ಕೂ ನಡೆದ ದಾರಿಯಲ್ಲಿ ವ್ಯತ್ಯಾಸವೇನೂ ಇಲ್ಲ: ಅರ್ಧ ಹೆಸರು, ಇನ್ನೊಂದು ಭಾಷೆಯ ಸುಳಿವು, ಕೊನೆಗೊಂದು ಸಾಕ್ಷ್ಯ.

ಬಗೆಹರಿಯದ ಒಗಟುಗಳೂ ಇಲ್ಲಿವೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನ, ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನ ಆಜ್ಞೆಯಿಂದ ಹೊರಟದ್ದು. ಆ ಸುವರ್ಣಗಿರಿ ಯಾವುದು? ಹಟ್ಟಿಯ ಚಿನ್ನದ ಗಣಿ ಹತ್ತಿರವಿರುವುದರಿಂದ ಮಸ್ಕಿಯೇ ಎಂದವರಿದ್ದಾರೆ. ಹೆಸರಿನ ಅರ್ಥ ಹಿಡಿದು ಕನಕಗಿರಿ ಎಂದವರಿದ್ದಾರೆ. ಆಂಧ್ರದ ಎರ್ರಗುಡಿಯ ಬಳಿಯ ಜೊನ್ನಗಿರಿ ಎಂದವರೂ ಇದ್ದಾರೆ. ಬ್ರಹ್ಮಗಿರಿಯ ಅದೇ ಶಾಸನದ ಕೊನೆಗೆ 256 ಎಂಬ ಸಂಖ್ಯೆಯಿದೆ. ಬುದ್ಧನ ನಿರ್ವಾಣದ ನಂತರದ ವರ್ಷಗಳೆಂದು ಜರ್ಮನ್ ವಿದ್ವಾಂಸ ಬ್ಯೂಲರ್ ವಾದಿಸಿದ್ದರು. ಪ್ರವಾಸದಲ್ಲಿ ಕಳೆದ ರಾತ್ರಿಗಳೆಂದು ಈಗ ಹೆಚ್ಚಿನವರು ಒಪ್ಪುತ್ತಾರೆ.

ವಾಲಿಯ ಬೂದಿ

ಊಹಿಸುವುದು ಪಂಡಿತರ ಗುತ್ತಿಗೆಯಲ್ಲ. ಈ ಸೀಮೆಯ ಸುತ್ತ ಅಲ್ಲಲ್ಲಿ ಬೂದಿದಿಬ್ಬಗಳಿವೆ. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ದಹಿಸಿದ ಜಾಗವೆಂದು ಜನ ತೋರಿಸುತ್ತಾರೆ. ರಾಮಾಯಣವನ್ನು ಬಾಯಿಪಾಠದಷ್ಟು ಬಲ್ಲ ಜನ, ಎದುರಿಗಿದ್ದ ಬೂದಿಯ ರಾಶಿಗೆ ತಮ್ಮ ಕಥೆಯಲ್ಲೇ ಉತ್ತರ ಹುಡುಕಿದರು. ರೇಮಂಡ್ ಆಲ್ಚಿನ್ ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥ ದಿಬ್ಬವನ್ನು ಅಗೆದು, 1963ರ ತಮ್ಮ ಗ್ರಂಥದಲ್ಲಿ ಇವು ನವಶಿಲಾಯುಗದ ದನಗಾಹಿಗಳ ಹಟ್ಟಿಗಳಲ್ಲಿ ಸುಟ್ಟ ಸಗಣಿಯ ರಾಶಿಗಳೆಂದು ತೋರಿಸಿದರು. ಊರವರ ಊಹೆ ಪೂರ್ತಿ ಪೊಳ್ಳೇನೂ ಆಗಿರಲಿಲ್ಲ. ದೊಡ್ಡ ಬೆಂಕಿ ಹೊತ್ತಿತ್ತೆಂಬುದು ಸರಿ. ಸುಟ್ಟದ್ದು ಯಾರನ್ನು ಎಂಬುದು ಮಾತ್ರ ತಪ್ಪು.

ಕಥೆಗೂ ಕಲ್ಲಿಗೂ ಇರುವ ಒಂದು ಭೇದವನ್ನು ಮರೆಯಬಾರದು. ಹಾಗ್ವರ್ಟ್ಸ್‌ಗೆ ಒಬ್ಬ ಕರ್ತೃವಿದ್ದಾರೆ. ಕೇಳಿದರೆ ಉತ್ತರ ಹೇಳಬಲ್ಲರು. ಮಸ್ಕಿಯ ಬಂಡೆಯನ್ನು ಕೇಳಲು ಯಾರೂ ಇಲ್ಲ. ಹ್ಯಾಗ್ರಿಡ್‌ನ ವಾಹನದ ಬಗ್ಗೆ ತಪ್ಪು ಊಹಿಸಿದರೆ ಯಾರಿಗೂ ನಷ್ಟವಿಲ್ಲ. ಊರು, ಕುಲ, ಸ್ಮಾರಕಗಳ ಬಗೆಗಿನ ಊಹೆ ಸಾಕ್ಷ್ಯ ಬರುವ ಮೊದಲೇ ಅಭಿಮಾನವಾಗಿ, ಅಭಿಮಾನ ಜಗಳವಾಗಿ ಬೆಳೆಯುವುದನ್ನು ನಾವು ಕಂಡಿದ್ದೇವೆ. ‘ನಮ್ಮ ಊರೇ ಸುವರ್ಣಗಿರಿ’ ಎಂದು ಎದೆ ತಟ್ಟುವುದು ಸುಲಭ. ‘ಇರಬಹುದು, ಇಂಥ ಸಾಕ್ಷ್ಯ ಸಿಕ್ಕರೆ ಒಪ್ಪೋಣ, ಇಂಥದು ಸಿಕ್ಕರೆ ಬಿಡೋಣ’ ಎನ್ನುವುದು ಕಷ್ಟ. ಊಹೆಗೂ ವದಂತಿಗೂ ನಡುವಿನ ಗೆರೆ ಇದೇ. ವದಂತಿಗೆ ಪುಟ ಸಂಖ್ಯೆ ಇರುವುದಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾನು ಪಾಠ ಮಾಡುತ್ತಿದ್ದ ಮೊದಲ ವರ್ಷಗಳಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು ಕೇಳಿದ್ದ: ‘ಸರ್, ಬ್ಯಾರೆ ಕಡೆ ಬರೀ ಪ್ರಿಯದರ್ಶಿ ಅಂತ ಐತಿ. ನಮ್ಮ ಮಸ್ಕ್ಯಾಗ ಅಶೋಕ ಅಂತ ಯಾಕ ಬರಸ್ಯಾನ್ರಿ?’ ನಾನು ಕೊಟ್ಟ ಉತ್ತರ ಇಷ್ಟೇ: ‘ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ.’ ಅವನು ಕೂತ. ಮತ್ತೆ ವರ್ಷವಿಡೀ ಏನನ್ನೂ ಕೇಳಲಿಲ್ಲ. ಅವನ ಪ್ರಶ್ನೆ ವಿದ್ವಾಂಸರು ಕೇಳುವಂಥದ್ದೇ ಆಗಿತ್ತು. ಮಧ್ಯಪ್ರದೇಶದ ಗುಜರ್ರಾದಲ್ಲಿ, ಮತ್ತು 1970ರ ದಶಕದಲ್ಲಿ ಬೆಳಕಿಗೆ ಬಂದ, ಸಿಂಧನೂರಿನಿಂದ ತುಂಗಭದ್ರೆ ದಾಟಿದರೆ ಸಿಗುವ ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೊಳಂ ಶಾಸನಗಳಲ್ಲಿಯೂ ಅಶೋಕ ಎಂಬ ಹೆಸರಿದೆ. ಇಷ್ಟೊಂದು ಶಾಸನಗಳ ನಡುವೆ ಈ ಕೆಲವೇ ಕಡೆ ಆ ಹೆಸರೇಕೆ? ಬರೆದ ಲಿಪಿಕಾರನ ಇಚ್ಛೆಯೋ, ಸ್ಥಳೀಯ ಅಧಿಕಾರಿಯ ಸೂಚನೆಯೋ? ಎಲ್ಲರೂ ಒಪ್ಪುವ ಉತ್ತರ ಇನ್ನೂ ಇಲ್ಲ.

ಆ ಹುಡುಗನಿಗೆ ಅಂದು ‘ನನಗೆ ಗೊತ್ತಿಲ್ಲ, ನಿನಗೆ ಏನನ್ನಿಸುತ್ತದೆ?’ ಎಂದಿದ್ದರೆ ಸಾಕಿತ್ತು. ನಮ್ಮ ಮಕ್ಕಳಿಗೆ ಕುತೂಹಲವಿಲ್ಲ ಎಂದು ನಾವು ದೂರುತ್ತೇವೆ. ಕುತೂಹಲವನ್ನು ತರಗತಿಯಲ್ಲಿ ಕೂರಿಸಿದವರು ನಾವೇ. ಅದು ಹೋಗಿ ಹಾಗ್ವರ್ಟ್ಸ್‌ನಲ್ಲಿ ಎದ್ದುನಿಂತಿದೆ. ಅಲ್ಲಿ ಯಾವ ಪ್ರಶ್ನೆಗೂ ಪಠ್ಯಕ್ರಮದ ಬೇಲಿಯಿಲ್ಲ.

ಬಂಡೆಯ ಮುಂದೆ ನಿಂತು ಈ ಕಥೆಯನ್ನೆಲ್ಲ ಹುಡುಗಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಅಕ್ಷರಗಳನ್ನು ನೋಡುತ್ತ ನಿಂತು, ನೋಟುಬುಕ್ಕು ತೆಗೆದು, ಹ್ಯಾಗ್ರಿಡ್‌ನ ಪ್ರಶ್ನೆಯಿದ್ದ ಪುಟದಲ್ಲಿಯೇ ಆ ಹಳೆಯ ಹುಡುಗನ ಪ್ರಶ್ನೆಯನ್ನು ಬರೆದುಕೊಂಡಳು. ಪುಟ ಸಂಖ್ಯೆಯ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದಳು. ‘ಮಸ್ಕಿ, ಮೊದಲನೆಯ ಸಾಲು’ ಎಂದೆ.